ದೋಣಿಯಿಲ್ಲದ ಕೆರೆಯನ್ನು ಸುತ್ತುವ ಬಗೆ

ಮಾಗಡಿ ಕೆರೆಯ ದಂಡೆಯಲ್ಲಿ ಮೊದಲ ಸಲ ಕಾರಿನಿಂದ ಇಳಿಯುವಾಗ ನನ್ನ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ಬೋಟ್ ಎಲ್ಲಿ ಅದಾವು?” ಅದರಲ್ಲಿ ಆಕೆಯ ತಪ್ಪೇನೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಬೆಳೆಯುವ ಮಕ್ಕಳಿಗೆ ಕೆರೆ ಎಂದರೆ ಉಣಕಲ್ ಕೆರೆ. ಕೆರೆಗೆ ಹೋಗುವುದೆಂದರೆ ಚಿಗರಿ ಬಸ್ಸಿನಿಂದ ಇಳಿದು, ಒಂದು ಪೊಟ್ಟಣ ಗಿರ್ಮಿಟ್ ಹಿಡಿದುಕೊಂಡು, ಇವತ್ತು ದೋಣಿ ಬಿಡುತ್ತಿದ್ದಾರೋ ಅಥವಾ ನೀರನ್ನೆಲ್ಲ ಅಂತರಗಂಗೆಯೇ ಮುಚ್ಚಿಕೊಂಡಿದೆಯೋ ಎಂದು ಇಣುಕಿ ನೋಡಿ, ದಂಡೆಗುಂಟ ಒಂದು ಸುತ್ತು ಹಾಕಿ, ಕತ್ತಲಾಗುವುದರೊಳಗೆ ಮನೆ ಸೇರುವುದು. ನಾನು ಬೆಳೆದದ್ದೂ ಹಾಗೆಯೇ. ಹೀಗಾಗಿ ಗದಗ ಜಿಲ್ಲೆಯ ಈ ಕೆರೆಯನ್ನು ಹೇಗೆ ಸುತ್ತಬೇಕು ಎಂಬುದನ್ನು ಕಲಿಯಲು ನನಗೆ ಮೂರು ಚಳಿಗಾಲಗಳ ಮೂರು ರಜೆಗಳು ಬೇಕಾದವು. ಆ ಮೂರು ಸಲವೂ ನಾನು ನೋಡಿದ ಕೆರೆ ಒಂದೇ ಆಗಿದ್ದರೂ, ಒಮ್ಮೆ ಕಾರಿನಲ್ಲಿ, ಒಮ್ಮೆ ಬಸ್ಸಿನಲ್ಲಿ ಮತ್ತು ಒಮ್ಮೆ ಸೈಕಲ್ಲಿನ ಮೇಲೆ ಹೋದದ್ದರಿಂದ ನನಗೆ ಕಂಡದ್ದು ಮೂರು ಬೇರೆ ಬೇರೆ ಕೆರೆಗಳು.

ಮೊದಲಿಗೆ ಒಂದು ಎಚ್ಚರಿಕೆ. ಮೊಬೈಲಿನ ನಕ್ಷೆಯಲ್ಲಿ ಬರೀ ‘ಮಾಗಡಿ’ ಎಂದು ಬರೆದರೆ ಅದು ನಿಮ್ಮನ್ನು ಬೆಂಗಳೂರಿನ ಪಕ್ಕದ ಮಾಗಡಿಯ ಕಡೆಗೆ ತಿರುಗಿಸೀತು. ನಾನು ಹೇಳುತ್ತಿರುವ ಮಾಗಡಿ ಶಿರಹಟ್ಟಿ ತಾಲ್ಲೂಕಿನದು. ಗದಗದಿಂದ ಸುಮಾರು 26 ಕಿಲೋಮೀಟರ್, ಶಿರಹಟ್ಟಿಯಿಂದ 8, ಲಕ್ಷ್ಮೇಶ್ವರದಿಂದ 11. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು, ಮುಂದಿನ ಲೆಕ್ಕಾಚಾರವೆಲ್ಲ ಇವುಗಳ ಮೇಲೆಯೇ ನಿಲ್ಲುತ್ತದೆ.

ಮೊದಲ ಸಲ ಕಾರಿನಲ್ಲಿ ಹೋದೆವು. ಬೆಳಿಗ್ಗೆ ಉಪ್ಪಿಟ್ಟು ತಿಂದು, ಚಹಾ ಕುಡಿದು, ಎಂಟು ಗಂಟೆಗೆ ಸಾವಕಾಶವಾಗಿ ಹುಬ್ಬಳ್ಳಿ ಬಿಟ್ಟು, ಗದಗಿನಲ್ಲಿ ಇನ್ನೊಮ್ಮೆ ಚಹಾಕ್ಕೆ ನಿಂತು, ಕೆರೆಯನ್ನು ಮುಟ್ಟಿದಾಗ ಹತ್ತೂವರೆ. ಬಿಸಿಲು ಆಗಲೇ ಏರಿತ್ತು. ಕಾರನ್ನು ನೀರಿಗೆ ಎಷ್ಟು ಸಮೀಪ ಒಯ್ಯಬಹುದೋ ಅಷ್ಟು ಸಮೀಪ ಒಯ್ದು ನಿಲ್ಲಿಸಿ, ನಾಲ್ಕೂ ಜನ ಒಟ್ಟಿಗೆ ಇಳಿದು, ನಾಲ್ಕೂ ಬಾಗಿಲುಗಳನ್ನು ಧಡ್ ಧಡ್ ಎಂದು ಹಾಕಿದೆವು. ದಂಡೆಯ ಕಡೆಗೆ ಬೂದಿ ಬಣ್ಣದ ಕಲ್ಲುಗಳ ಹಾಗೆ ಕಾಣುತ್ತಿದ್ದದ್ದೆಲ್ಲ ಕತ್ತೆತ್ತಿತು. ಮರುಕ್ಷಣ ಊರಿನ ಕಂಬಳಿಗಳನ್ನೆಲ್ಲ ಒಟ್ಟಿಗೆ ಕೊಡವಿದಂಥ ಸದ್ದಾಗಿ, ಆ ಕಲ್ಲುಗಳೆಲ್ಲ ಆಕಾಶಕ್ಕೆದ್ದವು. ಐದು ನಿಮಿಷ ನಾವು ಬಾಯಿ ತೆರೆದುಕೊಂಡು ನೋಡಿದೆವು, ವಿಡಿಯೊ ಮಾಡಿದೆವು, ಬಹಳ ಖುಷಿಪಟ್ಟೆವು. ಅಷ್ಟರಲ್ಲಿ ಬೇಲಿಯ ಆಚೆ ಆಡು ಕಾಯುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, ಸಿಟ್ಟೇನೂ ಇಲ್ಲದ ದನಿಯಲ್ಲಿ ಹೇಳಿದರು: “ಅಣ್ಣಾರ, ಬಾಗಲಾ ಸಾವಕಾಶ ಹಾಕಬೇಕ್ರಿ. ರಾತ್ರಿಯೆಲ್ಲಾ ಮೇದು ಬಂದು ಮಲಗ್ಯಾವ್ರೀ ಅವು.”

ನಾವು ನೋಡಿ ಹಿಗ್ಗಿದ ಹಾರಾಟ, ನಿದ್ದೆಗಣ್ಣಿನಲ್ಲಿದ್ದವುಗಳನ್ನು ಎಬ್ಬಿಸಿ ಓಡಿಸಿದ ಗಲಾಟೆಯಾಗಿತ್ತು. ಆ ಹಕ್ಕಿಗಳು ಕೆರೆಯ ನಟ್ಟನಡುವೆ, ಬರಿಗಣ್ಣಿಗೆ ಚುಕ್ಕಿಗಳಾಗಿ ಕಾಣುವಷ್ಟು ದೂರದಲ್ಲಿ ಇಳಿದುಕೊಂಡವು. ನಾವು ಅಲ್ಲಿದ್ದ ಉಳಿದ ಒಂದು ಗಂಟೆಯುದ್ದಕ್ಕೂ ಅವು ಮತ್ತೆ ದಂಡೆಯ ಕಡೆಗೆ ಬರಲೇ ಇಲ್ಲ.

ಈ ಹಕ್ಕಿಯನ್ನು ಕನ್ನಡದಲ್ಲಿ ಪಟ್ಟೆತಲೆ ಹೆಬ್ಬಾತು ಎನ್ನುತ್ತಾರೆ. ಬಿಳಿಯ ತಲೆಯ ಹಿಂಭಾಗದಲ್ಲಿ ವಿಭೂತಿಯ ಗೆರೆಗಳ ಹಾಗೆ ಅಡ್ಡಲಾಗಿ ಎರಡು ಪಟ್ಟೆಗಳಿರುತ್ತವೆ. ಆದರೆ ಈ ವಿಭೂತಿ ಕಪ್ಪು ಬಣ್ಣದ್ದು. ಕೊಕ್ಕು ಮತ್ತು ಕಾಲುಗಳು ಕಿತ್ತಳೆ ಬೆರೆತ ಹಳದಿ, ಮೈ ಬೂದು. ಮಂಗೋಲಿಯಾ ಮತ್ತು ಟಿಬೆಟಿನ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಚಳಿಗಾಲವನ್ನು ಕಳೆಯಲು ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. ಬೆನ್ನಿಗೆ ಕಟ್ಟಿದ ಉಪಕರಣಗಳಿಂದ ವಿಜ್ಞಾನಿಗಳು ಅಳೆದಾಗ, ಇವುಗಳಲ್ಲೊಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದ ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲ ವಿಶೇಷ ಬಗೆಯ ಹಿಮೋಗ್ಲೋಬಿನ್ ಇವುಗಳ ರಕ್ತದಲ್ಲಿದೆ. ಅಂಥ ದಾರಿಯನ್ನು ಸವೆಸಿ ಬಂದು ಕಣ್ಣು ಮುಚ್ಚಿದವುಗಳನ್ನು ನಾವು ಕಾರಿನ ಬಾಗಿಲು ಬಡಿದು ಎಬ್ಬಿಸಿದ್ದೆವು.

ಕೆರೆ ಮನುಷ್ಯರು ಕಟ್ಟಿದ್ದು. ಮಳೆನೀರನ್ನು ಹಿಡಿದು ಹೊಲಗಳಿಗೆ ಉಣಿಸುವುದಕ್ಕಾಗಿ ಆದದ್ದು. ಇಂದು ಅದರ ಸುಮಾರು 50 ಹೆಕ್ಟೇರ್ ಪ್ರದೇಶ ಸಂರಕ್ಷಿತ ಮೀಸಲಾಗಿದೆ. 2024ರ ಜನವರಿಯ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿ ಕೆರೆಯ ಹೆಸರೂ ರಾಮ್ಸರ್ ತಾಣಗಳ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿದ ಸುದ್ದಿ ಬಂತು. ಅದಕ್ಕೂ ಮುಂಚೆ ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಮಾಗಡಿಯಲ್ಲಿ 166ಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ 130 ವಲಸೆ ಬರುವಂಥವು. ಪಟ್ಟೆತಲೆ ಹೆಬ್ಬಾತುಗಳೇ ಒಂದು ಚಳಿಗಾಲದಲ್ಲಿ ಸುಮಾರು 8,000 ಸೇರುತ್ತವೆ ಎಂಬ ಲೆಕ್ಕವಿದೆ. ಇಷ್ಟಾದರೂ ಇದು ಇಂದಿಗೂ ಊರ ಕೆರೆಯೇ. ದನಗಳು ನೀರಿಗೆ ಬರುತ್ತವೆ, ಚಕ್ಕಡಿಗಳು ಹಾದು ಹೋಗುತ್ತವೆ, ಪಕ್ಕದ ಹೊಲದಲ್ಲಿ ಕಡಲೆಯೂ ಜೋಳವೂ ನಿಂತಿರುತ್ತವೆ. ಬಂದವರಿಗೆ ಸುತ್ತಲು ದೋಣಿಯಿಲ್ಲ, ಕುದುರೆಯಿಲ್ಲ, ಪುಟಾಣಿ ರೈಲಿಲ್ಲ. ಇದು ಕೆರೆಯ ಕೊರತೆ ಎಂದು ಮೊದಲ ಸಲ ನನಗೂ ಅನಿಸಿತ್ತು. ದೋಣಿ ಬಿಟ್ಟರೆ ಹಕ್ಕಿಗಳಿಗೆ ಉಳಿಯುವುದು ಎಲ್ಲಿ ಎಂಬ ಸಾದಾ ಪ್ರಶ್ನೆ, ಅವು ನಡುನೀರಿಗೆ ಹೋಗಿ ಕುಳಿತದ್ದನ್ನು ನೋಡಿದ ಮೇಲೆ ತಾನೇ ಎದ್ದಿತು.

ಎರಡನೆಯ ಸಲ ಹೋಗುವ ಮುನ್ನ ನಾನು ಹಿರಿಯರ ಆ ಒಂದು ಮಾತನ್ನು ಹಿಡಿದುಕೊಂಡು ಹಕ್ಕಿಗಳ ದಿನಚರಿಯನ್ನು ತಿಳಿದುಕೊಂಡೆ. ಸಂಜೆ ಕತ್ತಲು ಕವಿಯುವ ಹೊತ್ತಿಗೆ ಹೆಬ್ಬಾತುಗಳು ಗುಂಪು ಗುಂಪಾಗಿ ಕೆರೆ ಬಿಟ್ಟು ಹೊಲಗಳ ಕಡೆಗೆ ಹೋಗುತ್ತವೆ, ಹುಲ್ಲು, ಎಳೆಯ ಪೈರು, ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಳು, ಹೀಗೆ ಸಿಕ್ಕಿದ್ದನ್ನು ಮೇದು ಬೆಳಿಗ್ಗೆ ಕೆರೆಗೆ ಮರಳುತ್ತವೆ, ಹಗಲೆಲ್ಲ ವಿಶ್ರಾಂತಿ. ಅಂದರೆ ನೋಡುವವರಿಗೆ ದಕ್ಕುವ ಹೊತ್ತು ಎರಡು: ಬೆಳಿಗ್ಗೆ ಅವು ಇಳಿಯುವಾಗ ಮತ್ತು ಸಂಜೆ ಅವು ಏಳುವಾಗ. ಹತ್ತೂವರೆಗೆ ಹೋಗಿ ಹನ್ನೊಂದೂವರೆಗೆ ಮರಳಿದ ನಾವು ಎರಡನ್ನೂ ಬಿಟ್ಟು ನಡುವಿನ ನಿದ್ದೆಗೆ ಹೋಗಿ ನಿಂತಿದ್ದೆವು. ಕೆರೆಗೆ ಯಾವ ಗಾಡಿಯಲ್ಲಿ ಹೋಗಬೇಕು ಎನ್ನುವುದಕ್ಕಿಂತ ಎಷ್ಟು ಗಂಟೆಗೆ ಮುಟ್ಟಬೇಕು ಎನ್ನುವುದನ್ನು ಮೊದಲು ತೀರ್ಮಾನಿಸಬೇಕು, ಗಾಡಿ ಆಮೇಲೆ.

ಬೆಳಕು ಹರಿಯುವ ಮುಂಚೆ ಕೆರೆ ಮುಟ್ಟಬೇಕೆಂದರೆ ಹಿಂದಿನ ರಾತ್ರಿಯೇ ಹತ್ತಿರದ ಊರಿನಲ್ಲಿ ಉಳಿಯಬೇಕು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಈ ಮೂರರಲ್ಲಿ ಎಲ್ಲಿ ಉಳಿದರೂ ಆದೀತು. ನನಗೆ ಶಿರಹಟ್ಟಿಯಲ್ಲಿ ಸೋದರಮಾವನ ಮನೆಯಿರುವುದರಿಂದ ಆ ಚಿಂತೆಯಿರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಹುಬ್ಬಳ್ಳಿಯಿಂದ ಗದಗಕ್ಕೆ ರೈಲಿನಲ್ಲಿ, ಅಲ್ಲಿಂದ ಶಿರಹಟ್ಟಿಗೆ ಬಸ್ಸಿನಲ್ಲಿ ಹೋದೆವು. ಶಕ್ತಿ ಯೋಜನೆಯ ಪ್ರಕಾರ ನನ್ನ ಹೆಂಡತಿಗೂ ಮಗಳಿಗೂ ಬಸ್ಸಿನಲ್ಲಿ ಶೂನ್ಯ ಮೊತ್ತದ ಟಿಕೆಟ್ಟು. ದುಡ್ಡು ಕೊಟ್ಟದ್ದು ನಾನೊಬ್ಬನೇ, ಹಬ್ಬದ ಗದ್ದಲದಲ್ಲಿ ನಿಂತುಕೊಂಡು ಬಂದವನೂ ನಾನೊಬ್ಬನೇ. ಮರುದಿನ ನಸುಕಿನಲ್ಲಿ ಪರಿಚಯದ ಟಂಟಂ (ಬಾಡಿಗೆಯ ಮೂರು ಗಾಲಿ ಗಾಡಿ) ಒಂದನ್ನು ಗೊತ್ತು ಮಾಡಿಕೊಂಡು ಕೆರೆಗೆ ಹೊರಟೆವು. ಇದು ನಾನು ಎಲ್ಲರಿಗೂ ಹೇಳುವ ಉಪಾಯ: ಹಗಲಿನಲ್ಲಿ ಬಸ್ಸುಗಳಿರುತ್ತವೆ, ಆದರೆ ನಸುಕಿನ ಹೊತ್ತಿಗೆ ಬಸ್ಸನ್ನು ನಂಬಿ ಕೂರಬಾರದು. ಟಂಟಂದವರಿಗೆ ಹಿಂದಿನ ಸಂಜೆಯೇ ಹೇಳಿಟ್ಟು, ಬಾಡಿಗೆಯನ್ನು ಆಗಲೇ ಮುರಿದು ಮಾತಾಡಿ, ಕೆರೆಗಿಂತ ಅರ್ಧ ಕಿಲೋಮೀಟರ್ ಹಿಂದೆಯೇ ಇಳಿಸಬೇಕೆಂದು ತಿಳಿಸಿರಬೇಕು. ಆ ಇಂಜಿನ್ನಿನ ಸದ್ದು ಅಲ್ಲಿಯೇ ನಿಂತುಬಿಟ್ಟರೆ ಉಳಿದ ಕೆಲಸವೆಲ್ಲ ಹಗುರವಾಗುತ್ತದೆ.

ಕೆರೆಯನ್ನು ನಡೆದು ಸುತ್ತುವುದಕ್ಕೆ ಒಂದು ಕ್ರಮವಿದೆ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಎಡವಿ ಎಡವಿ ಕಲಿತೆ.

ಏರಿಯ ನೆತ್ತಿಯ ಮೇಲೆ ನಡೆಯಬೇಕೆಂದು ಎಲ್ಲರಿಗೂ ಅನಿಸುತ್ತದೆ, ಏಕೆಂದರೆ ದಾರಿ ಅಲ್ಲಿಯೇ ಸವೆದಿರುತ್ತದೆ ಮತ್ತು ಎತ್ತರದಿಂದ ನೀರೆಲ್ಲ ಕಾಣುತ್ತದೆ. ಆದರೆ ಏರಿಯ ಮೇಲೆ ನಿಂತವನು ಆಕಾಶಕ್ಕೆ ಅಂಟಿಸಿದ ಚಿತ್ರದಂತೆ ಕೆರೆಯ ಹಕ್ಕಿಗಳಿಗೆಲ್ಲ ಎದ್ದು ಕಾಣುತ್ತಾನೆ. ಅದರ ಬದಲು ಏರಿಯ ಹೊರಮೈಯ ಕೆಳಗೆ, ಹೊಲಗಳ ಬದಿಯ ಹಾದಿಯಲ್ಲಿ ನಡೆದು, ನೂರಿನ್ನೂರು ಹೆಜ್ಜೆಗೊಮ್ಮೆ ಮೆಲ್ಲಗೆ ಮೇಲೆ ಹತ್ತಿ, ತಲೆ ಮಾತ್ರ ಹೊರಗೆ ಬರುವಷ್ಟು ನಿಂತು ನೋಡಿದರೆ ಹಕ್ಕಿಗಳು ಕದಲುವುದಿಲ್ಲ. ಆ ದಿನ ತೂಬಿನ ಬಳಿ ನಾವು ಹಾಗೆ ತಲೆ ಎತ್ತಿದಾಗ ಹತ್ತಿರದ ಹೆಬ್ಬಾತು ನಮ್ಮಿಂದ ಮೂವತ್ತು ಹೆಜ್ಜೆಗಿಂತ ದೂರವಿರಲಿಲ್ಲ. ಒಂದು ಕಾಲಿನ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ತೂರಿಸಿ ಮಲಗಿತ್ತು. ಗಾಳಿ ಬಂದಾಗಲೊಮ್ಮೆ ಎದೆಯ ಬೂದು ಗರಿಗಳು ಬಿಡಿಸಿಕೊಂಡು ಒಳಗಿನ ಬಿಳಿ ಕಾಣುತ್ತಿತ್ತು. ಅದರ ಪಕ್ಕದಲ್ಲಿದ್ದ ಇನ್ನೊಂದಕ್ಕೆ ತಲೆಯ ಮೇಲೆ ಪಟ್ಟೆಗಳೇ ಇರಲಿಲ್ಲ. ಇದು ಬೇರೆ ಜಾತಿಯೇ ಎಂದು ಮಗಳು ಪಿಸುಗುಟ್ಟಿದಳು. ಬೇರೆಯದಲ್ಲ; ಆ ವರ್ಷ ಹುಟ್ಟಿದ ಮರಿಗೆ ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ. ಮೊದಲ ಚಳಿಗಾಲದ ಆ ಮರಿ ತಂದೆತಾಯಿಯ ಜೊತೆಗೇ ಅಷ್ಟು ದೂರ ಹಾರಿ ಬಂದು ಈಗ ಅವುಗಳ ಪಕ್ಕದಲ್ಲೇ ನಿಂತಿತ್ತು.

ಎರಡನೆಯದು ಸೂರ್ಯನ ಲೆಕ್ಕ. ಬೆಳಿಗ್ಗೆ ಕೆರೆಯ ಮೂಡಣ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಬೇಕು. ಬಿಸಿಲು ಬೆನ್ನಿಗೆ ಬೀಳುತ್ತದೆ, ಹಕ್ಕಿಗಳ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಸಂಜೆಗೆ ಇದನ್ನೇ ತಿರುಗಿಸಬೇಕು. ಈ ಲೆಕ್ಕವನ್ನು ಮರೆತು ಪಡುವಣ ದಂಡೆಯಿಂದ ಬೆಳಗಿನ ಹೊತ್ತಿನಲ್ಲಿ ನೋಡಿದರೆ ನೀರು ಕಣ್ಣು ಕುಕ್ಕುತ್ತದೆ, ಹೆಬ್ಬಾತೂ ನಾಮದ ಕೋಳಿಯೂ ಎಲ್ಲವೂ ಒಂದೇ ಕರಿ ಬೊಟ್ಟು. ಹೀಗಾಗಿ ಮೂಡಣದಲ್ಲಿ ಶುರು ಮಾಡಿ, ಹೊತ್ತೇರಿದ ಹಾಗೆ ದಂಡೆಗುಂಟ ಸರಿಯುತ್ತ, ಸಂಜೆಗೆ ಪಡುವಣವನ್ನು ಮುಟ್ಟುವುದು ಒಳ್ಳೆಯ ಸುತ್ತು. ಸಾಲಾಗಿ ನಡೆಯಬೇಕು, ಅಡ್ಡಲಾಗಿ ಹರಡಿಕೊಂಡು ಅಲ್ಲ. ಹಕ್ಕಿಗಳ ಕಡೆಗೆ ನೆಟ್ಟಗೆ ನಡೆಯದೆ ಓರೆಯಾಗಿ, ಬೇರೆಲ್ಲಿಗೋ ಹೊರಟವರಂತೆ ಹೋಗಬೇಕು. ಗುಂಪಿನ ಅಂಚಿನಲ್ಲಿ ಕಾವಲು ನಿಂತ ಹಕ್ಕಿಗಳು ಕುತ್ತಿಗೆಯನ್ನು ಕೋಲಿನಂತೆ ನೆಟ್ಟಗೆ ಮಾಡಿದವೆಂದರೆ ಅಲ್ಲಿಗೆ ನಿಲ್ಲಬೇಕು. ಮತ್ತೊಂದು ಹೆಜ್ಜೆ ಇಟ್ಟರೆ ಕಂಬಳಿ ಕೊಡವಿದ ಸದ್ದು ಕೇಳುತ್ತದೆ.

ಇನ್ನು ಕಾರಿನ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮೊದಲ ಸಲದ ತಪ್ಪು ಕಾರಿನದಲ್ಲ, ನಮ್ಮದು. ದಿನವೂ ಟ್ರ್ಯಾಕ್ಟರ್, ಬಸ್ಸುಗಳನ್ನು ಕಾಣುವ ಹಕ್ಕಿಗಳು ಗಾಡಿಗೆ ಅಷ್ಟಾಗಿ ಹೆದರುವುದಿಲ್ಲ. ಗಾಡಿಯಿಂದ ಇಳಿಯುವ ಎರಡು ಕಾಲಿನ ಆಕಾರಕ್ಕೆ ಹೆದರುತ್ತವೆ. ರಸ್ತೆಯ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಕಿಟಕಿ ಇಳಿಸಿ, ಒಳಗೇ ಸುಮ್ಮನೆ ಕುಳಿತರೆ ಕಾರು ಒಳ್ಳೆಯ ಮರೆಯಾಗುತ್ತದೆ. ಹಿರಿಯರನ್ನು ಅಥವಾ ಮೊಣಕಾಲು ನೋವಿನವರನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಮ್ಮ ತಾಯಿಯವರು ಆಮೇಲೆ ಒಮ್ಮೆ ಹಾಗೆಯೇ ಕಾರಿನೊಳಗೆ ಕುಳಿತು, ನಾವು ಒಂದು ತಾಸು ನಡೆದು ಕಂಡದ್ದಕ್ಕಿಂತ ಹೆಚ್ಚು ಹಕ್ಕಿಗಳನ್ನು ಕಂಡರು, ಮತ್ತು ಅದನ್ನು ಇಂದಿಗೂ ನೆನಪಿಸುತ್ತಾರೆ. ಹಾರ್ನ್, ಹಾಡು, ಡ್ರೋನ್ ಈ ಮೂರನ್ನು ಮನೆಯಲ್ಲಿ ಬಿಟ್ಟು ಬಂದರೆ ಸಾಕು. ಡ್ರೋನಂತೂ ಹಕ್ಕಿಗಳ ಕಣ್ಣಿಗೆ ತಲೆಯ ಮೇಲೆ ಸುತ್ತುವ ಹದ್ದೇ ಸರಿ.

ಮಧ್ಯಾಹ್ನ ಸುತ್ತುವ ಹೊತ್ತಲ್ಲ. ಆಗ ಒಂದೆಡೆ ಕೂರಬೇಕು. ಹತ್ತಿರದಲ್ಲಿ ಊಟದ ಹೋಟೆಲು ಸಿಕ್ಕೀತೆಂದು ಹೋಗಬಾರದು. ಬುತ್ತಿ ಕಟ್ಟಿಕೊಂಡೇ ಹೋಗಬೇಕು. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಸಂಕ್ರಾಂತಿಯ ಬುತ್ತಿ ಕಟ್ಟಿದ್ದರು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದು ಡಬ್ಬಿಯಲ್ಲಿ ಮಾದಲಿ. ನೆರಳಿದ್ದ ಕಡೆ ಕಂಬಳಿ ಹಾಸಿ ಊಟ ಮುಗಿಸಿ, ದುರ್ಬೀನಿನಿಂದ ಸರದಿಯ ಮೇಲೆ ನೋಡುತ್ತ ಎರಡು ತಾಸು ಕುಳಿತೆವು. ದುರ್ಬೀನು ಕೊಳ್ಳುವವರಿಗೆ ನನ್ನ ಸಲಹೆ: ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿಲಿಮೀಟರ್ ಗಾಜಿನದು ಸಾಕು. ಅದಕ್ಕಿಂತ ಹೆಚ್ಚು ಪಟ್ಟಿನದನ್ನು ಕೈಯಲ್ಲಿ ಹಿಡಿದರೆ ಹಕ್ಕಿಗಿಂತ ಕೈನಡುಕವೇ ದೊಡ್ಡದಾಗಿ ಕಾಣುತ್ತದೆ.

ನಡೆಯುವಾಗ ಕಾಣದ ಎಷ್ಟೋ ಸಂಗತಿಗಳು ಹಾಗೆ ಕುಳಿತಾಗ ಕಂಡವು. ಹೆಬ್ಬಾತುಗಳ ದೊಡ್ಡ ಗುಂಪಿನ ಅಂಚಿನಲ್ಲಿ ಕಂದುಗೆಂಪು ಬಣ್ಣದ ಬಾತುಗಳು ಜೋಡಿ ಜೋಡಿಯಾಗಿ ಬೇರೆಯೇ ನಿಂತಿದ್ದವು. ಬಣ್ಣದ ಕೊಕ್ಕರೆಯೊಂದು ಕೊಕ್ಕನ್ನು ಅರ್ಧ ತೆರೆದು ಕೆಸರುನೀರಿನಲ್ಲಿಟ್ಟು, ಒಂದು ಕಾಲಿನಿಂದ ತಳವನ್ನು ಕೆದಕುತ್ತ, ಕತ್ತನ್ನು ಅತ್ತಿತ್ತ ಆಡಿಸುತ್ತಿತ್ತು. ಅದು ಕಣ್ಣಿನಿಂದ ಹುಡುಕುವುದಲ್ಲ, ಮೀನು ತಾನಾಗಿ ತಾಗಿದಾಗ ಕೊಕ್ಕನ್ನು ಮುಚ್ಚುವುದು. ಹಾವಕ್ಕಿಯೊಂದು ನೀರಿನಿಂದ ಬರೀ ಕುತ್ತಿಗೆಯನ್ನು ಹೊರಹಾಕಿ ಈಜಿತು. ಮಗಳು ಅದನ್ನು ನಿಜವಾದ ಹಾವೆಂದೇ ತಿಳಿದು ನನ್ನ ತೋಳು ಹಿಡಿದುಕೊಂಡಳು. ಅಷ್ಟೊತ್ತಿಗೆ ದೋಣಿಯ ಮಾತು ಅವಳಿಗೆ ಮರೆತುಹೋಗಿತ್ತು.

ಅಂದು ಪಕ್ಕದ ಹೊಲದವರು ಮಾತಿಗೆ ಸಿಕ್ಕರು. ಹಕ್ಕಿಗಳು ನಿಮ್ಮ ಕಡಲೆ ತಿನ್ನುವುದಿಲ್ಲವೇ ಎಂದು ಕೇಳಿದೆ. “ತಿಂತಾವ್ರೀ, ತಿನ್ನದೇನ ಮಾಡ್ತಾವು. ಆದ್ರ ಹಿಕ್ಕಿ ಗೊಬ್ಬರ ಇಲ್ಲೇ ಬಿಟ್ಟು ಹೋಗ್ತಾವು. ಲೆಕ್ಕ ಸಮಾ ಆತು,” ಎಂದರು. ಲೆಕ್ಕ ಪೂರ್ತಿ ಸಮವಾಗಲಿಕ್ಕಿಲ್ಲ ಎಂದು ಅವರ ಮುಖದ ನಗೆಯೇ ಹೇಳುತ್ತಿತ್ತು. ಬೆಳೆದ ಹೊಲದ ಬದುವಿನ ಮೇಲೆ ನಡೆಯುವಾಗ ಈ ಮಾತು ನೆನಪಿರಬೇಕು: ಹಕ್ಕಿ ತಿಂದದ್ದನ್ನು ಅವರು ಸಹಿಸಿಯಾರು, ಫೋಟೊ ತೆಗೆಯಲು ಹೋದವರು ತುಳಿದದ್ದನ್ನು ಏಕೆ ಸಹಿಸಬೇಕು?

ಮೂರನೆಯ ಸಲದ್ದು ಸೈಕಲ್ ಸವಾರಿ, ಈ ಬಾರಿ ನಾನೊಬ್ಬನೇ. ಮಾವನ ಪಡಸಾಲೆಯಲ್ಲಿ ಗೋಡೆಗೊರಗಿದ್ದ, ಮುಂದೆ ದಾಂಡು ಹಿಂದೆ ದಪ್ಪ ಕ್ಯಾರಿಯರ್ ಇರುವ ಹಳೆಯ ಕರಿ ಸೈಕಲ್ಲನ್ನು ಕೇಳಿ ಪಡೆದೆ. ಗಾಳಿ ಹೊಡೆಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಡುವಾಗ ಮಾವ ಕಟ್ಟೆಯ ಮೇಲಿಂದಲೇ ಎಚ್ಚರಿಸಿದರು: “ಲೇ ಅಳಿಯಾ, ಗಾಳಿ ನೋಡ್ಕೊಂಡು ಹೋಗು. ಹೋಗೂಮುಂದ ಹಗೂರ ಅನಸ್ತೈತಿ, ಬರೂಮುಂದ ನಿನ್ನ ತ್ರಾಣಾ ಕಾಣತೈತಿ.” ಚಳಿಗಾಲದಲ್ಲಿ ನಮ್ಮ ಕಡೆ ಮೂಡಗಾಳಿ ಬೀಸುತ್ತದೆ. ಶಿರಹಟ್ಟಿಯಿಂದ ಮಾಗಡಿ ಪಡುವಣಕ್ಕಿರುವುದರಿಂದ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಎಂಟು ಕಿಲೋಮೀಟರ್ ಎಂಟು ಹೆಜ್ಜೆಯಂತೆ ಸಾಗುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ. ತಿಳಿದವರು ಮಾಗಡಿಯಿಂದ ಮರಳಿ ಶಿರಹಟ್ಟಿಗೆ ಬಾರದೆ, ನೈರುತ್ಯಕ್ಕಿರುವ ಲಕ್ಷ್ಮೇಶ್ವರಕ್ಕೆ ಗಾಳಿಯ ಜೊತೆಗೇ ಇಳಿದುಹೋಗುತ್ತಾರೆ. ಅಲ್ಲಿ ಸೋಮೇಶ್ವರ ಗುಡಿಯ ಕೆತ್ತನೆಯನ್ನು ಸಂಜೆ ಬಿಸಿಲಿನಲ್ಲಿ ನೋಡಿ ರಾತ್ರಿ ಉಳಿಯಬಹುದು. ಕನ್ನಡದ ಆದಿಕವಿ ಪಂಪ ತನ್ನ ಭಾಷೆಯನ್ನು ‘ಪುಲಿಗೆರೆಯ ತಿರುಳ್ಗನ್ನಡ’ ಎಂದು ಕರೆದುಕೊಂಡನಲ್ಲ, ಆ ಪುಲಿಗೆರೆಯೇ ಈ ಲಕ್ಷ್ಮೇಶ್ವರ. ನಾನು ಸೈಕಲ್ಲನ್ನು ಮಾವನಿಗೆ ಮರಳಿಸಬೇಕಾಗಿದ್ದರಿಂದ ಆ ಜಾಣತನಕ್ಕೆ ಅವಕಾಶವಿರಲಿಲ್ಲ.

ಸೈಕಲ್ಲಿನ ಸೊಗಸು ಕೆರೆಯಲ್ಲಿಲ್ಲ, ಕೆರೆಯ ಸುತ್ತಲಿನ ಹೊಲಗಳಲ್ಲಿದೆ. ಹೆಬ್ಬಾತುಗಳು ರಾತ್ರಿ ಮೇಯುವ ಜಾಗಗಳನ್ನು ನಡೆದು ಹುಡುಕಲು ದಿನವೇ ಬೇಕು, ಕಾರು ಆ ಚಕ್ಕಡಿ ಹಾದಿಗಳಲ್ಲಿ ಹೋಗುವುದಿಲ್ಲ. ಸೈಕಲ್ಲಾದರೆ ಬೆಳಗಿನ ಎರಡು ತಾಸಿನಲ್ಲಿ ನಾಲ್ಕೈದು ಹೊಲಗಳನ್ನು ನೋಡಿ ಬರಬಹುದು. ಶೇಂಗಾ ಕಿತ್ತ ಹೊಲದಲ್ಲಿ ಅವು ಬಿಟ್ಟುಹೋದ ಹಸಿರು ಬಣ್ಣದ, ಬೆರಳಿನಾಕಾರದ ಹಿಕ್ಕೆಗಳನ್ನೂ, ಇಬ್ಬನಿಯಲ್ಲಿ ನೆನೆದ ಮಣ್ಣಿನ ಮೇಲೆ ಮೂರು ಬೆರಳಿನ ಜಾಲಗಾಲಿನ ಗುರುತುಗಳನ್ನೂ ನೋಡಿದೆ. ಕೆಲವು ತಂಡಗಳು ಇನ್ನೂ ಅಲ್ಲೇ ಇದ್ದವು. ಸೈಕಲ್ಲು ನಿಲ್ಲಿಸದೆ ಸಾಗಿದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ನಿಲ್ಲಿಸಿದರೆ ಮಾತ್ರ ಅನುಮಾನ. ಕೆರೆಯ ಏರಿಯ ಮೇಲೆ ಸೈಕಲ್ಲು ಓಡಿಸಲೇಬಾರದು; ಬುಡದಲ್ಲಿ ಒರಗಿಸಿಟ್ಟು ಹತ್ತಬೇಕು.

ಎರಡು ಶತ್ರುಗಳಿವೆ. ಮೊದಲನೆಯದು ಎರೆ ಮಣ್ಣು. ಒಣಗಿದಾಗ ಅದರ ಬಿರುಕುಗಳು ಚಕ್ರವನ್ನು ಕಚ್ಚುತ್ತವೆ. ಅಕಾಲಿಕ ಮಳೆಯಾದರಂತೂ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನ ಮುದ್ದೆಯ ಹಾಗೆ ತುಂಬಿಕೊಂಡು, ಸೈಕಲ್ಲು ಮುಂದೆಯೂ ಹೋಗದೆ ಹಿಂದೆಯೂ ಬಾರದೆ ಎಮ್ಮೆಯಂತೆ ನಿಂತುಬಿಡುತ್ತದೆ. ಮಳೆ ಬಿದ್ದ ಮೂರು ದಿನ ಆ ಹಾದಿಗಳಿಗೆ ಇಳಿಯದಿರುವುದು ಒಳ್ಳೆಯದು. ಎರಡನೆಯದು ಬಳ್ಳಾರಿ ಜಾಲಿ. ಹೊಲಕ್ಕೆ ಬೇಲಿಯಾಗಿ ಒಟ್ಟಿದ ಆ ಮುಳ್ಳು ಹಾದಿಯ ಮೇಲೆ ಎಲ್ಲೆಂದರಲ್ಲಿ ಬಿದ್ದಿರುತ್ತದೆ.

ಆ ಸಂಜೆ ಪಡುವಣ ದಂಡೆಯಲ್ಲಿ ನಿಂತು ಹೆಬ್ಬಾತುಗಳು ಏಳುವುದನ್ನು ಕಾದೆ. ಸೂರ್ಯ ಮುಳುಗಿದ ಮೇಲೆ ಮೊದಲು ದನಿ ಶುರುವಾಯಿತು. ಗುಂಪಿನ ಒಂದು ತುದಿಯಲ್ಲಿ ಒಂದೆರಡು ಹಕ್ಕಿಗಳು ಮೂಗಿನಲ್ಲಿ ಕೂಗಿದವು, ಅದು ಹಬ್ಬಿ ಹಬ್ಬಿ ಇಡೀ ಕೆರೆ ಸಂತೆಯಾಯಿತು. ಆಮೇಲೆ ಇಪ್ಪತ್ತು, ಮೂವತ್ತು, ಒಮ್ಮೊಮ್ಮೆ ನೂರರ ತಂಡಗಳಾಗಿ ಎದ್ದು, ಮೊದಲು ಚೆಲ್ಲಾಪಿಲ್ಲಿಯಾಗಿ, ನಂತರ ಸಾಲು ಸರಿಪಡಿಸಿಕೊಂಡು, ನನ್ನ ತಲೆಯ ಮೇಲಿಂದಲೇ ಹೊಲಗಳತ್ತ ಹೋದವು. ಕೊನೆಯ ತಂಡ ಹೋದಾಗ ರೆಕ್ಕೆಯ ಸದ್ದಷ್ಟೇ ಕೇಳುತ್ತಿತ್ತು. ಮೊದಲ ಸಲ ನಾವು ಬಾಗಿಲು ಬಡಿದು ಎಬ್ಬಿಸಿದ ಹಾರಾಟಕ್ಕೂ, ಹೊಟ್ಟೆ ಹಸಿದು ತಾವಾಗಿ ಎದ್ದ ಈ ಹಾರಾಟಕ್ಕೂ ಇರುವ ವ್ಯತ್ಯಾಸ ನೋಡಿದವರಿಗೇ ತಿಳಿಯಬೇಕು. ನವೆಂಬರಿನಲ್ಲಿ ಬಂದು ಮಾರ್ಚಿನಲ್ಲಿ ಮರಳುವ ಈ ಹಕ್ಕಿಗಳನ್ನು ಹೀಗೆ ನೋಡಲು ಡಿಸೆಂಬರಿನ ಕೊನೆ ಮತ್ತು ಜನವರಿ ತಕ್ಕ ಕಾಲ. ಮಳೆ ಕೈಕೊಟ್ಟು ಕೆರೆ ತುಂಬದ ವರ್ಷ ಮೊದಲೇ ಊರವರನ್ನು ವಿಚಾರಿಸಿಕೊಂಡು ಹೊರಡಬೇಕು.

ಸೈಕಲ್ಲು ಹತ್ತಿ ಎರಡು ಕಿಲೋಮೀಟರ್ ಬರುವಷ್ಟರಲ್ಲಿ ಹಿಂದಿನ ಚಕ್ರ ಕುಂತುಬಿಟ್ಟಿತು. ಎದುರುಗಾಳಿ, ಕತ್ತಲು, ಕಿಸೆಯಲ್ಲಿ ಪಂಪೂ ಇಲ್ಲ. ಉಳಿದ ದಾರಿಯನ್ನು ಸೈಕಲ್ಲು ತಳ್ಳಿಕೊಂಡು ನಡೆಯಬೇಕಾಗಿತ್ತು; ಹತ್ತಿ ತುಂಬಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವರೊಬ್ಬರು ನಿಲ್ಲಿಸಿ, ಸೈಕಲ್ಲನ್ನು ಹತ್ತಿಯ ಅಂಡಿಗೆಗಳ ಮೇಲೆ ಎಸೆದು, ನನ್ನನ್ನೂ ಹತ್ತಿಸಿಕೊಂಡರು. ಶಿರಹಟ್ಟಿಯ ಪಂಕ್ಚರ್ ಅಂಗಡಿಯ ಹುಡುಗ ಬಲ್ಬಿನ ಬೆಳಕಿನಲ್ಲಿ ಟೈರು ಬಿಚ್ಚಿ, ಟ್ಯೂಬನ್ನು ಬುಟ್ಟಿಯ ನೀರಿನಲ್ಲಿ ಮುಳುಗಿಸಿ ಸುತ್ತಿಸಿದ. ಒಂದು ಕಡೆ ಗುಳ್ಳೆ, ಸ್ವಲ್ಪ ಮುಂದೆ ಇನ್ನೊಂದು ಕಡೆ, ಮತ್ತೂ ಮುಂದೆ ಮತ್ತೊಂದು. ಟೈರಿನ ಒಳಮೈಗೆ ಬೆರಳಾಡಿಸಿ ಮೂರು ಮುಳ್ಳುಗಳನ್ನು ಇಕ್ಕಳದಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟು, ಮಾತಿಲ್ಲದೆ ಉಜ್ಜಿ, ಸಲ್ಯೂಷನ್ ಹಚ್ಚಿ, ಮೂರು ಪ್ಯಾಚ್ ಹಾಕಿಕೊಟ್ಟ.

ಮನೆಗೆ ಬಂದಾಗ ಮಾವ ಇನ್ನೂ ಕಟ್ಟೆಯ ಮೇಲೆಯೇ ಕುಳಿತಿದ್ದರು. ತಡವಾದದ್ದೇಕೆ ಎಂದು ಕೇಳಲಿಲ್ಲ. ಸೈಕಲ್ಲಿನ ಹಿಂದಿನ ಚಕ್ರವನ್ನೊಮ್ಮೆ ಒತ್ತಿ ನೋಡಿದರು.

“ಎಷ್ಟು ಮುಳ್ಳು?”

“ಮೂರು, ಮಾವಾ.”

“ಹಂಗಾರ ಕೆರಿ ಪೂರಾ ಸುತ್ತಿ ಬಂದಿ ಬಿಡು,” ಎಂದು ಹೇಳಿ, ಕೈಕಾಲು ತೊಳೆಯಲು ನೀರು ಕೊಡುವಂತೆ ಒಳಗೆ ಕೂಗಿದರು.